ಬಾಳೂರಿನ ಎರಡನೇ ಸ್ಲಾಟು

ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಮಾರುವ ಅಂಗಡಿಯೊಂದರಲ್ಲಿ ನಾನು ಸರ್ವಿಸ್ ಇಂಜಿನಿಯರ್ ಆಗಿದ್ದೆ. ಸ್ಕ್ರೂಡ್ರೈವರಿನ ಚೀಲ ಹೆಗಲಿಗೆ ಹಾಕಿಕೊಂಡು ಎಲ್ಲಿಗೆ ಹೋದರೂ ಜನ ನನ್ನ ಹಿಂದೆ ಇಣುಕಿ ನೋಡಿ ಕೇಳುತ್ತಿದ್ದರು, "ಇಂಜಿನಿಯರ್ ಬರ್ಲಿಲ್ವಾ ಮೇಡಮ್?" ನಾನೇ ಇಂಜಿನಿಯರ್ ಎಂದು ಹೇಳಿ ಹೇಳಿ ಬಾಯಿ ನೋಯುತ್ತಿತ್ತು. ಹಾಗಾಗಿ ಸಿಟ್ಟು ನನಗೆ ಹೊಸದಲ್ಲ. ಆದರೆ ಆ ಮೇ ತಿಂಗಳಲ್ಲಿ ಬಂದ ಸಿಟ್ಟು ಬೇರೆಯದೇ. ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಕೆಲಸ ಕೊಟ್ಟದ್ದು ಬೆಳೆಗಾರರ ಒಂದು ಸೊಸೈಟಿ. ಗೊಬ್ಬರ, ಸುಣ್ಣ, ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತ ಮಾರುವ ಸಂಸ್ಥೆ. ಹೆಡ್ ಆಫೀಸು ಚಿಕ್ಕಮಗಳೂರಿನಲ್ಲಿ. ಮೂಡಿಗೆರೆಯಲ್ಲಿ ದೊಡ್ಡ ಗೋದಾಮು, ಅದರ ಬಿಲ್ಲೆಲ್ಲ ಹೆಡ್ ಆಫೀಸಿನಲ್ಲೇ. ಶಾಖೆಗಳು ಕೊಟ್ಟಿಗೆಹಾರ, ಬಾಳೂರು, ಕಳಸ, ಹೊರನಾಡಿನಲ್ಲಿ. ಶಾಖೆಗೊಂದು ಕಂಪ್ಯೂಟರ್. ನಾನು ಕೆಲಸಕ್ಕೆ ಸೇರುವ ಮೊದಲೇ ನಮ್ಮ ಅಂಗಡಿಯಿಂದ ಒಟ್ಟಿಗೇ ಕೊಂಡವು. ಎಲ್ಲವೂ 'ತೊಂಬತ್ತೆಂಟು' ಎಂದು ಎಲ್ಲರೂ ಕರೆಯುತ್ತಿದ್ದ ಹಳೆಯ ಆಪರೇಟಿಂಗ್ ಸಿಸ್ಟಂ ಮೇಲೆ ಓಡುತ್ತಿದ್ದವು. ಅದನ್ನು ತೆಗೆದು ಹೊಸ ಎಕ್ಸ್‌ಪಿ ಹಾಕಬೇಕು ಎಂದು ಸೊಸೈಟಿ ತೀರ್ಮಾನಿಸಿತ್ತು. ಹಾಕುವ ಮೊದಲು ಈ ಕಂಪ್ಯೂಟರುಗಳು ಅದನ್ನು ತಡೆದುಕೊಳ್ಳುತ್ತವೆಯೇ ಎಂದು ನೋಡಿ ಬರುವುದು ನನ್ನ ಕೆಲಸ.

ಹೊರಡುವ ದಿನ ಹೆಡ್ ಆಫೀಸಿನ ಮ್ಯಾನೇಜರ್ ತನ್ನ ಚೇಂಬರಿಗೆ ಕರೆದ. ಆತನ ಕಂಪ್ಯೂಟರಿಗೆ ಆಗಲೇ ಎಕ್ಸ್‌ಪಿ ಬಂದಿತ್ತು. ಪರದೆಯ ಮೇಲೆ ಬಣ್ಣಬಣ್ಣದ ಮೀನುಗಳು ಈಜುತ್ತಿದ್ದವು. ಆತ ನನ್ನ ಮುಖ ನೋಡದೆ ಮೀನುಗಳನ್ನೇ ನೋಡುತ್ತ ಮಾತಾಡಿದ.

"ಸಿಂಪಲ್ ಕೆಲಸ. ತಡ್ಕೊಳ್ಳುತ್ತೋ ಇಲ್ವೋ. ಪಾಸೋ, ಫೇಲೋ. ಅಷ್ಟು ಬರೆದುಕೊಟ್ರೆ ಸಾಕು."

"ಫೇಲ್ ಆದ್ರೆ ಏನು ಬೇಕು ಅಂತಾನೂ ಬರೀತೀನಿ ಸಾರ್. ಮೆಮೊರಿ, ಡಿಸ್ಕು..."

"ಅದೆಲ್ಲ ಬೇಡ. ಪಾಸೋ, ಫೇಲೋ."

ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಸೊಸೈಟಿಯ ಜೀಪು ಹತ್ತಿ ಹೊರಟೆ.

ಈ ತಪಾಸಣೆಯಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ, ತಾಳ್ಮೆ ಬೇಕು ಅಷ್ಟೇ. ಪ್ರೊಸೆಸರ್ ವೇಗ ಸಾಕೇ, ಹಾರ್ಡ್ ಡಿಸ್ಕಿನಲ್ಲಿ ಖಾಲಿ ಜಾಗ ಎಷ್ಟಿದೆ, ಬಿಲ್ಲು ಹೊಡೆಯುವ ಹಳೆಯ ಪ್ರಿಂಟರನ್ನು ಹೊಸ ಸಿಸ್ಟಂ ಗುರುತಿಸುತ್ತದೆಯೇ, ಎಲ್ಲಕ್ಕಿಂತ ಮುಖ್ಯವಾಗಿ ಮೆಮೊರಿ ಎಷ್ಟಿದೆ ಎಂದು ನೋಡಬೇಕು. ಅರವತ್ತನಾಲ್ಕು ಎಂಬಿ ಮೆಮೊರಿಯಲ್ಲೂ ಓಡುತ್ತದೆ ಎಂದು ಎಕ್ಸ್‌ಪಿ ಡಬ್ಬಿಯ ಮೇಲೆ ಬರೆದಿತ್ತು. ಓಡುವುದಿಲ್ಲ, ತೆವಳುತ್ತದೆ. ಒಂದು ಬಿಲ್ಲು ತೆರೆಯುವಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾನೆ. ನೂರಿಪ್ಪತ್ತೆಂಟು ಇದ್ದರೆ ಮಾತ್ರ ಪಾಸು ಎಂದು ನಾನು ನಿಯಮ ಮಾಡಿಕೊಂಡಿದ್ದೆ. ಕ್ಯಾಬಿನೆಟ್ ಬಿಚ್ಚಿ ಒಳಗೆ ನೋಡದೆ ಎದ್ದು ಬರಬಾರದು ಎನ್ನುವುದು ಇನ್ನೊಂದು ನಿಯಮ. ನಮ್ಮ ಕಡೆಯ ಕಂಪ್ಯೂಟರಿನೊಳಗೆ ಏನಿರುತ್ತದೆ ಎಂದು ಯಾರೂ ಹೇಳಲಾರರು. ಕಣಜದ ಹುಳ ಫ್ಯಾನಿಗೆ ಮಣ್ಣಿನ ಗೂಡು ಕಟ್ಟಿದ್ದನ್ನು, ಹಲ್ಲಿ ಮೊಟ್ಟೆ ಇಟ್ಟದ್ದನ್ನು ನಾನೇ ಕಂಡಿದ್ದೇನೆ.

ಮೊದಲು ಕೊಟ್ಟಿಗೆಹಾರ. ಶಾಖೆಯ ಗುಮಾಸ್ತರು ಹಿರಿಯರು, ಮೊಂಡು ಸ್ವಭಾವದವರು. ಕಾಫಿ ಕೊಟ್ಟರು, ಪಕ್ಕಕ್ಕೆ ನಿಂತರು. ಕಂಪ್ಯೂಟರ್ ಆನ್ ಮಾಡಿದೆ. ಕಪ್ಪು ಪರದೆಯ ಮೇಲೆ ಮೆಮೊರಿಯ ಲೆಕ್ಕ ಓಡಿ ನೂರಿಪ್ಪತ್ತೆಂಟಕ್ಕೆ ನಿಂತಿತು. ಒಳಗೆ ಬಿಚ್ಚಿ ನೋಡಿದರೆ ಅರವತ್ತನಾಲ್ಕರ ಎರಡು ಮೆಮೊರಿ ಪಟ್ಟಿಗಳು ಎರಡು ಸ್ಲಾಟಿನಲ್ಲಿ ಕೂತಿದ್ದವು. ಎರಡರ ಮೇಲೂ ನಮ್ಮ ಅಂಗಡಿಯ ವಾರಂಟಿ ಚೀಟಿ ಅಂಟಿತ್ತು, ಅದರ ಮೇಲೆ ಶಾಯಿಯಲ್ಲಿ 'ಕೊ' ಎಂಬ ಅಕ್ಷರ. ಯಾವ ಶಾಖೆಯದು ಯಾವುದು ಎಂದು ಗೊತ್ತಾಗಲೆಂದು ಹಿಂದಿನ ಇಂಜಿನಿಯರ್ ಹಾಗೆ ಬರೆದಿದ್ದ.

ತೇವಕ್ಕೆ ಪಟ್ಟಿಯ ಕಾಲುಗಳು ಮಂಕಾಗಿದ್ದವು. ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿ, ಅಂಚಿಗೆ ಒಂದು ಚುಕ್ಕಿ ನೇಲ್ ಪಾಲಿಶ್ ಇಟ್ಟೆ. ಇದು ನನ್ನ ಅಭ್ಯಾಸ. ಒಮ್ಮೆ ಉಜ್ಜಿದ್ದನ್ನು ಮುಂದಿನ ಸಲ ಉಜ್ಜಬೇಕಿಲ್ಲ ಎಂದು ತಿಳಿಯಲು. ಅತ್ತಿಗೆ ಕೊಟ್ಟ ನೇರಳೆ ಬಣ್ಣದ ಬಾಟಲಿ ಬೇರೆ ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ.

"ಪಾಸ್," ಎಂದೆ. ಗುಮಾಸ್ತರು ನಕ್ಕು, "ಊಟ ಮಾಡ್ಕೊಂಡು ಹೊರಡಿ. ಎದುರಿನ ಹೋಟ್ಲಲ್ಲಿ ಹೇಳಿದೀನಿ," ಎಂದರು. ಜೀಪಿನ ಡ್ರೈವರ್ ಟೈರಿಗೆ ಗಾಳಿ ಹಾಕಿಸಬೇಕು ಎಂದ. ನಾನು ಹೋಗಿ ಉಂಡೆ.

ಬಾಳೂರಿಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ರಸ್ತೆ ಬದಿಗೆ ಒಂದೇ ಕೋಣೆಯ ಶಾಖೆ, ಹಿಂದೆ ಗೋದಾಮು. ಎಲ್ಲವನ್ನೂ ನಡೆಸುತ್ತಿದ್ದವಳು ಒಬ್ಬಳೇ ಆಪರೇಟರ್. ಬಿಲ್ಲು ಹೊಡೆಯುವುದೂ ಅವಳೇ, ಮೂಟೆ ತೂಗಿಸುವುದೂ ಅವಳೇ. ಆದರೆ ಇನ್ನೂ ಟೆಂಪರರಿ. ನನ್ನನ್ನು ಕಂಡದ್ದೇ ಅವಳು ಗಡಿಬಿಡಿಯಿಂದ ಎದ್ದಳು.

"ಮೊದ್ಲು ಕಾಫಿ ಕುಡೀರಿ ಮೇಡಮ್. ಹಲಸಿನ ಹಣ್ಣಿನ ಕಡುಬು ಮಾಡಿ ತಂದಿದೀನಿ. ಇಲ್ಲಿ ಬ್ಯಾಡ, ಧೂಳು. ಹಿಂದ್ಗಡೆ ಕೂತ್ಕಳಿ."

"ಈಗ ತಾನೇ ಊಟ ಆಯ್ತು. ಕಂಪ್ಯೂಟರ್ ನೋಡಿಬಿಡ್ತೀನಿ."

"ಅದೆಲ್ಲಿಗೆ ಓಡಿ ಹೋಗುತ್ತೆ ಮಾರಾಯ್ರೆ! ಬನ್ನಿ, ತಣ್ಣಗಾಗುತ್ತೆ."

ಗೋದಾಮಿನಲ್ಲಿ ಮೂಟೆಯ ಮೇಲೆ ಕೂತು ಕಡುಬು ತಿಂದೆ. ಕಡುಬು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮುಗಿಸಿ ಬಂದು ಆನ್ ಮಾಡಿದರೆ ಇಲ್ಲೂ ನೂರಿಪ್ಪತ್ತೆಂಟು. ಡಿಸ್ಕಿನಲ್ಲಿ ಜಾಗವೂ ಇತ್ತು. ಆಪರೇಟರ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಸ್ಕ್ರೂಡ್ರೈವರ್ ತೆಗೆದೆ.

"ಪಾಸ್ ಆಯ್ತಲ್ಲ ಮೇಡಮ್, ಮತ್ತೆಂತಕ್ಕೆ ಬಿಚ್ಚದು?" ಎಂದ ಡ್ರೈವರ್. ಅವನಿಗೆ ಅದರಲ್ಲಿ ಏನು ಕೆಲಸ ಎಂದುಕೊಳ್ಳುತ್ತಲೇ ಬಿಚ್ಚಿದೆ.

ಬೋರ್ಡಿನ ಮೇಲೆಲ್ಲ ಸುಣ್ಣ ಮತ್ತು ಮೈಲುತುತ್ತದ ಧೂಳು ತೇವಕ್ಕೆ ಅಂಟಿ ತಿಳಿ ನೀಲಿ ಪದರ ಕಟ್ಟಿತ್ತು. ಮೊದಲ ಸ್ಲಾಟಿನ ಪಟ್ಟಿಯ ಮೇಲೂ ಅದೇ ಪದರ. ಎರಡನೇ ಸ್ಲಾಟಿನ ಪಟ್ಟಿ ಮಾತ್ರ ಸ್ನಾನ ಮಾಡಿಸಿದಂತೆ ಹೊಳೆಯುತ್ತಿತ್ತು. ವಾರಂಟಿ ಚೀಟಿ ಇರಲಿಲ್ಲ, ಕಿತ್ತ ಜಾಗದಲ್ಲಿ ಗೋಂದು ಇನ್ನೂ ಅಂಟಂಟಾಗಿತ್ತು. ಅಂಚಿನಲ್ಲಿ ನೇರಳೆ ಚುಕ್ಕಿ.

ಒಂದು ಕ್ಷಣ ನನಗೇ ನಂಬಿಕೆ ಬರಲಿಲ್ಲ. ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನಾನೇ ಉಜ್ಜಿ ಕೂರಿಸಿದ ಪಟ್ಟಿ! ನಾನು ಊಟ ಮಾಡುವಾಗ ಅದನ್ನು ಕಿತ್ತಿದ್ದಾರೆ, ನಾನು ಕಡುಬು ತಿನ್ನುವಾಗ ಇಲ್ಲಿ ಹಾಕಿದ್ದಾರೆ. ನಡುವಿನ ದಾರಿಯಲ್ಲಿ ಅದು ಡ್ರೈವರಿನ ಅಂಗಿ ಜೇಬಿನಲ್ಲಿ, ನನ್ನ ಪಕ್ಕದಲ್ಲೇ ಕೂತು ಬಂದಿದೆ. ಮೈಯೆಲ್ಲ ಉರಿದುಹೋಯಿತು.

"ಯಾರು ಮಾಡಿದ್ದು ಇದನ್ನ?" ಎಂದು ಕೂಗಿದೆ.

ಆಪರೇಟರ್ ನೆಲ ನೋಡಿದಳು. ಡ್ರೈವರ್ ತಲೆ ಕೆರೆದುಕೊಂಡು ಮುಂದೆ ಬಂದ. ಅವನು ಹಿಂದೆ ಎಸ್ಟೇಟೊಂದರಲ್ಲಿ ಜೀಪು ಓಡಿಸುತ್ತಿದ್ದವನು.

"ಬೇಜಾರ್ ಮಾಡ್ಕಬೇಡಿ ಮೇಡಮ್. ಎಸ್ಟೇಟಲ್ಲಿ ತೋಟ ಚೆಕ್ ಮಾಡಕ್ಕೆ ವಿಸಿಟಿಂಗ್ ಏಜೆಂಟ್ ಬರ್ತಾರೆ ಅಂದ್ರೆ ಹಿಂಗೇ ಮಾಡದು. ಇರದು ಒಂದು ಹೊಸ ಸ್ಪ್ರೇಯರ್. ಅವ್ರು ಈ ಡಿವಿಜನ್ ನೋಡಿ ಬಂಗ್ಲೆಗೆ ಕಾಫಿಗೆ ಹೋದಾಗ ನಾವು ಅದನ್ನ ಆ ಡಿವಿಜನ್‌ಗೆ ಸಾಗ್ಸದು. ಎಲ್ಲಾ ಕಡೆ ಹೊಸದೇ ಇದೆ ಅಂತ ಖುಷಿಯಾಗಿ ಹೋಗ್ತಾರೆ. ಯಾರಿಗೂ ಎಂತ ಲುಕ್ಸಾನಿಲ್ಲ."

"ನಾಳೆ ಇದು ಕಳಸಕ್ಕೆ ಹೋಗ್ತಿತ್ತಾ?"

"ಹೌದು. ಆಮೇಲೆ ಹೊರನಾಡಿಗೆ. ಅಲ್ಲೂ ಕಡುಬಿಗೆ ಹೇಳಿದ್ವಿ."

ನಗು ಬರಬೇಕಾದ ಮಾತು. ನನಗೆ ಬರಲಿಲ್ಲ. ಇವರಿಗೆ ತಪಾಸಣೆ ಎಂದರೆ ಯಾರೋ ಬಂದು, ತಿಂದು, ನೋಡಿ ಹೋಗುವುದು. ಹೋದ ಮೇಲೆ ಏನಾಗುತ್ತದೆ ಎಂದು ಒಬ್ಬರೂ ಯೋಚಿಸಿಲ್ಲ.

"ನಾನು ಪಾಸ್ ಅಂತ ಬರೆದು ಹೋದ್ಮೇಲೆ ಇದನ್ನ ಕಿತ್ಕೊಂಡು ಹೋಗ್ತೀರಿ. ಮುಂದಿನ ವಾರ ಯಾರೋ ಬಂದು ಎಕ್ಸ್‌ಪಿ ಹಾಕ್ತಾನೆ. ಆಮೇಲೆ ಇದು ಅಲ್ಲಾಡಲ್ಲ. ಔಷಧಿ ಹೊಡೆಯೋ ಹೊತ್ತಲ್ಲಿ ಬಾಗಿಲ ತುಂಬ ಜನ ನಿಂತಿರ್ತಾರೆ, ಒಂದು ಬಿಲ್ಲು ಬರಲ್ಲ. ಆಗ ಸ್ಪ್ರೇಯರ್ ಕಥೆ ಹೇಳ್ತೀರಾ?" ಎಂದು ಡ್ರೈವರಿಗೆ ಬೈದೆ. ಆಪರೇಟರಿಗೂ ಬೈದೆ. "ಇಲ್ಲ ಅಂದ್ರೆ ಇಲ್ಲ ಅಂತ ಹೇಳಕ್ಕೆ ನಿಮಗೇನು ಕಷ್ಟ? ಫೇಲ್ ಅಂತ ಬರೆದ್ರೆ ಹೊಸ ಮೆಮೊರಿ ಬರುತ್ತೆ."

ಆಗ ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು, ಆದರೆ ದನಿ ನಡುಗಲಿಲ್ಲ.

"ಮೆಮೊರಿ ಬರಲ್ಲ ಮೇಡಮ್. ಫೇಲ್ ಅಂದ್ರೆ ಬ್ರಾಂಚೇ ಮುಚ್ಚದು. ಮ್ಯಾನೇಜರ್ ಫೋನ್ ಮಾಡಿ ಹೇಳಿದಾರೆ. ಇಂಜಿನಿಯರ್ ಬರ್ತಾರೆ, ಅವ್ರು ಫೇಲ್ ಅಂದ ಬ್ರಾಂಚೆಲ್ಲ ಮೂಡಿಗೆರೆ ಗೋದಾಮಿಗೆ ಸೇರ್ಸದು, ನಂದೆಂತದೂ ಇಲ್ಲ ಅಂದ್ರು. ನಿಮಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಒಬ್ಬ ವಯಸ್ಸಾದ ಬೆಳೆಗಾರರು ಒಳಗೆ ಬಂದರು. ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ಕೈಯಲ್ಲಿ ಖಾಲಿ ಚೀಲ. "ಮೈಲುತುತ್ತ ಬಂತಾ ಅಮ್ಮ? ಮುಚ್ತಾರಂತೆ ಹೌದಾ? ಮುಚ್ಚದಾದ್ರೆ ಈಗ್ಲೇ ಕೊಟ್ಬಿಡು. ಮೂಡಿಗೆರೆಗೆ ಹೋಗಿ ತರದು ನಮ್ಮಂತೋರ ಕೈಲಿ ಆಗಲ್ಲ. ಹೋದ ವರ್ಷ ಹೊಡೀದೆ ಅರ್ಧ ತೋಟ ಕೊಳೆ ರೋಗಕ್ಕೆ ಹೋಯ್ತು," ಎಂದರು. ಆಪರೇಟರ್ ನನ್ನತ್ತ ನೋಡಿದಳು. ಉತ್ತರ ಹೇಳಬೇಕಾದವಳು ನಾನು ಎಂಬಂತೆ ಅವರೂ ನನ್ನತ್ತ ತಿರುಗಿದರು.

ಅದೇ ಹೊತ್ತಿಗೆ ನನ್ನ ಸಿಟ್ಟು ದಿಕ್ಕು ಬದಲಿಸಿತು. ಪಾಸೋ ಫೇಲೋ, ಅಷ್ಟು ಸಾಕು ಎಂದಿದ್ದ ಮ್ಯಾನೇಜರ್. ಈಗ ಅರ್ಥವಾಯಿತು. ಶಾಖೆ ಮುಚ್ಚಿ ಖರ್ಚು ಉಳಿಸಬೇಕು, ಆದರೆ ಮುಚ್ಚುತ್ತೇನೆ ಎನ್ನುವ ಧೈರ್ಯ ತನಗಿಲ್ಲ. ಅದನ್ನು ನನ್ನ ಬಾಯಿಂದ ಹೇಳಿಸಬೇಕು. ಕಂಪ್ಯೂಟರ್ ಹೇಳಿತು, ಇಂಜಿನಿಯರ್ ಹೇಳಿದಳು ಎಂದರೆ ಯಾವ ಬೆಳೆಗಾರ ತಿರುಗಿ ಕೇಳುತ್ತಾನೆ? ಇವರಾದರೋ ಹೆದರಿ ಒಂದು ಪಟ್ಟಿಯನ್ನು ಜೇಬಿನಲ್ಲಿ ಸಾಗಿಸಿದ್ದರು. ಆತ ನನ್ನನ್ನೇ ಜೀಪಿನಲ್ಲಿ ಸಾಗಿಸಿದ್ದ.

ನೇರಳೆ ಚುಕ್ಕಿಯ ಪಟ್ಟಿಯನ್ನು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ತೆಗೆದ ಮೇಲೆ ಸ್ಲಾಟಿಗೆ ಟಾರ್ಚ್ ಹಿಡಿದು ನೋಡಿದೆ. ಆ ಬೋರ್ಡಿನಲ್ಲಿ ಮೂರು ಸ್ಲಾಟು. ಯಾವತ್ತೂ ಬಳಸದ ಮೂರನೆಯದರ ಒಳಗೆ ನೀಲಿ ಧೂಳು ಗಟ್ಟಿಯಾಗಿ ಕೂತಿತ್ತು. ಎರಡನೆಯದರಲ್ಲಿ ಅಷ್ಟಿರಲಿಲ್ಲ. ಇವತ್ತು ಮಧ್ಯಾಹ್ನ ಒಂದು ಸಲ ಪಟ್ಟಿ ಹಾಕಿದ್ದಕ್ಕೆ ಅಷ್ಟು ಧೂಳು ಹೋಗುವುದಿಲ್ಲ. ಅಲ್ಲಿ ಬಹಳ ಕಾಲ ಇನ್ನೊಂದು ಪಟ್ಟಿ ಇತ್ತು.

"ಇದನ್ನ ಮುಂಚೆ ಯಾರಾದ್ರೂ ಬಿಚ್ಚಿದ್ರಾ?"

"ಇಲ್ಲಿ ಯಾರೂ ಇಲ್ಲ. ಹೋದ ಮಳೆಗಾಲ ವೈರಸ್ ತೆಗೀಬೇಕು ಅಂತ ಹೆಡ್ ಆಫೀಸಿಗೆ ತರಿಸ್ಕಂಡಿದ್ರು. ಬಂದ್ಮೇಲೆ ಸ್ಲೋ ಆಯ್ತು. ಕೇಳಿದ್ದಕ್ಕೆ, ವೈರಸ್ ತೆಗೆದ್ರೆ ಹಂಗೇ ಆಗದು ಅಂದ್ರು."

ವೈರಸ್ ತೆಗೆದರೆ ಹಾಗೇ ಆಗುವುದಂತೆ! ಜ್ವರ ಬಿಟ್ಟರೆ ಕಾಲು ಕುಂಟಾಗುತ್ತದೆ ಎಂದಂತೆ.

"ಕೊಟ್ಟಿಗೆಹಾರದ್ದೂ ತರಿಸ್ಕೊಂಡಿದ್ರಾ?"

ಡ್ರೈವರ್ ಹೇಳಿದ, "ಕೇಳಿದ್ರು. ಆ ಗುಮಾಸ್ತರು ಕಳಿಸ್ಲಿಲ್ಲ. ವೈರಸ್ ಇದ್ರೆ ಇರ್ಲಿ, ನಂದು ಇಲ್ಲೇ ಇರುತ್ತೆ ಅಂದ್ರು. ಅವ್ರು ಯಾವುದಕ್ಕೂ ಹಂಗೆಯ."

ಮರುದಿನ ಕಳಸ, ಹೊರನಾಡು. ಡ್ರೈವರನ್ನು ಕೂರಿಸಿ, ಎರಡೂ ಕಡೆ ಕಡುಬು ಬೇಡ ಎಂದು ಮೊದಲೇ ಫೋನ್ ಮಾಡಿಸಿದೆ. ಕಳಸದಲ್ಲಿ ಡಿಸ್ಕಿನ ಅರ್ಧ ಸಿನಿಮಾ ಹಾಡುಗಳೇ ತುಂಬಿದ್ದವು, ಅದಕ್ಕೂ ಒಂದಿಷ್ಟು ಬೈಗುಳ ಖರ್ಚಾಯಿತು. ಹೊರನಾಡಿನಲ್ಲಿ ಕರೆಂಟಿಲ್ಲದೆ ಸಾಯಂಕಾಲದವರೆಗೆ ಕಾದೆ. ಎರಡೂ ಕಡೆ ಲೆಕ್ಕ ಅರವತ್ತನಾಲ್ಕಕ್ಕೇ ನಿಂತಿತು. ಎರಡೂ ಕಡೆ ಮೂರನೇ ಸ್ಲಾಟಿನಲ್ಲಿ ಗಟ್ಟಿ ಧೂಳು, ಎರಡನೆಯದು ಹೆಚ್ಚು ಕಡಿಮೆ ಶುಭ್ರ. ಎರಡೂ ಮಳೆಗಾಲದಲ್ಲಿ ವೈರಸ್ ತೆಗೆಸಿಕೊಳ್ಳಲು ಹೋಗಿ ಬಂದವೇ. ಹಿಂತಿರುಗುವಾಗ ಕೊಟ್ಟಿಗೆಹಾರದ ಪಟ್ಟಿಯನ್ನು ಅದರ ಜಾಗದಲ್ಲಿ ಕೂರಿಸಿದೆ. ಗುಮಾಸ್ತರು ಎದುರಿಗೆ ನಿಲ್ಲಲಿಲ್ಲ, ಗೊಬ್ಬರದ ಮೂಟೆ ಎಣಿಸುವ ನೆಪದಲ್ಲಿ ಹಿಂದೆ ಹೋದರು.

ಅಂಗಡಿಗೆ ಬಂದು ನಮ್ಮ ಮಾಲೀಕರಿಗೆ ಎಲ್ಲ ಹೇಳಿದೆ. ಅವರು ತಣ್ಣಗೆ, "ಫೇಲ್ ಆಗಿದೆ ತಾನೆ? ಫೇಲ್ ಅಂತ ಬರಿ. ಉಳಿದಿದ್ದು ನಿನಗ್ಯಾಕೆ? ನಾಳೆ ಹೊಸ ಕಂಪ್ಯೂಟರ್ ತಗೊಂಡ್ರೆ ನಮ್ಮ ಹತ್ರಾನೇ ತಗೋತಾರೆ," ಎಂದರು.

ಅವರ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಮೂರು ಕಂಪ್ಯೂಟರ್ ಫೇಲ್, ಅದು ನಿಜ. ಆ ನಿಜವನ್ನು ಬರೆದುಕೊಟ್ಟರೆ ಬಾಳೂರಿನ ಬಾಗಿಲು ಮುಚ್ಚುತ್ತದೆ, ಅವಳ ಕೆಲಸ ಹೋಗುತ್ತದೆ. ಪಾಸ್ ಎಂದು ಬರೆದರೆ ಮಳೆ ಹಿಡಿಯುವ ಹೊತ್ತಿಗೆ ಕಂಪ್ಯೂಟರೇ ನಿಲ್ಲುತ್ತದೆ, ಆಗಲೂ ಮುಚ್ಚುತ್ತಾರೆ. ಇಡೀ ಬೆಳಿಗ್ಗೆ ಅದನ್ನೇ ತಿರುವಿ ಹಾಕಿದೆ. ಕೊನೆಗೆ ಹೊಳೆದದ್ದು ಬಹಳ ಸಣ್ಣ ವಿಷಯ. ತಪಾಸಣೆ ಇನ್ನೂ ಮುಗಿದಿರಲಿಲ್ಲ. ಒಂದು ಕಂಪ್ಯೂಟರ್ ನಾನು ನೋಡಿಯೇ ಇರಲಿಲ್ಲ.

ಸೊಸೈಟಿಯ ಅಧ್ಯಕ್ಷರು ಮೀಟಿಂಗಿಗೆ ಬರುವ ದಿನ ಕಾದು ಹೋದೆ. ದೊಡ್ಡ ಪ್ಲಾಂಟರ್, ಮೆಲುಮಾತಿನ ಹಿರಿಯರು. ಅವರು ಮ್ಯಾನೇಜರಿನ ಚೇಂಬರಿನಲ್ಲೇ ಕೂತಿದ್ದರು. ಪರದೆಯಲ್ಲಿ ಮೀನುಗಳು ಈಜುತ್ತಿದ್ದವು.

"ರಿಪೋರ್ಟ್ ತಂದ್ರಾ? ಎಲ್ಲಿ?" ಎಂದ ಮ್ಯಾನೇಜರ್.

"ಒಂದು ಬಾಕಿ ಇದೆ ಸಾರ್. ಇದು."

"ಇದಕ್ಕಾಗಲೇ ಎಕ್ಸ್‌ಪಿ ಇದೆಯಲ್ರೀ. ಇದನ್ನೇನು ನೋಡೋದು?"

"ಸೊಸೈಟಿಯ ಎಲ್ಲ ಕಂಪ್ಯೂಟರ್ ನೋಡಿ ಅಂತ ಆರ್ಡರಿದೆ ಸಾರ್. ಬಿಟ್ರೆ ಕೆಲಸ ಅರ್ಧ ಆಗುತ್ತೆ."

ಆತ ಬೇಡ ಎನ್ನಲು ಬಾಯಿ ತೆರೆದ. ಅಧ್ಯಕ್ಷರು ಮೆಲ್ಲಗೆ, "ನೋಡ್ಲಿ ಬಿಡಿ. ಪಾಪ, ಅಷ್ಟು ದೂರ ಸುತ್ತಿ ಬಂದಿದಾರೆ," ಎಂದರು. ಮ್ಯಾನೇಜರಿನ ಅಪ್ಪಣೆಗೆ ನಾನು ಕಾಯಲಿಲ್ಲ. ಕಂಪ್ಯೂಟರ್ ಆಫ್ ಮಾಡಿ ಸ್ಕ್ರೂ ಬಿಚ್ಚಿದೆ.

ಅದು ದೊಡ್ಡ ಬೋರ್ಡು, ನಾಲ್ಕು ಸ್ಲಾಟು. ನಾಲ್ಕರಲ್ಲೂ ಪಟ್ಟಿ. ಒಂದರ ಮೇಲೆ 'ಹೆ' ಎಂದಿತ್ತು. ಉಳಿದ ಮೂರರ ಮೇಲೂ ನಮ್ಮ ಅಂಗಡಿಯ ಚೀಟಿ. ಕೊಟ್ಟಿಗೆಹಾರದವರಿಗೆ ಚೀಟಿ ಕೀಳುವಷ್ಟಾದರೂ ಭಯವಿತ್ತು. ಈತನಿಗೆ ಅದೂ ಇರಲಿಲ್ಲ, ತನ್ನ ಕ್ಯಾಬಿನೆಟ್ಟನ್ನು ಬಿಚ್ಚುವವರು ಯಾರಿದ್ದಾರೆ ಎಂದು. ಒಂದೊಂದಾಗಿ ಕಿತ್ತು ಅಧ್ಯಕ್ಷರ ಮುಂದೆ ಮೇಜಿನ ಮೇಲೆ ಇಟ್ಟೆ. ಸಂದುಗಳಲ್ಲಿ ತಿಳಿ ನೀಲಿ ಧೂಳು ಇನ್ನೂ ಇತ್ತು.

"ಇದು ಬಾಳೂರಿಂದು ಸಾರ್, 'ಬಾ' ಅಂತಿದೆ ನೋಡಿ. ಇದು ಕಳಸದ್ದು. ಇದು ಹೊರನಾಡಿಂದು. ವೈರಸ್ ತೆಗೆಯಕ್ಕೆ ಅಂತ ಕಂಪ್ಯೂಟರ್ ತರಿಸ್ಕೊಂಡು ಇದನ್ನ ತೆಗೆದಿದಾರೆ."

ಮ್ಯಾನೇಜರ್ ಕೆಂಪಗಾದ. "ಆಫೀಸ್ ಕೆಲ್ಸಕ್ಕೆ ತಾತ್ಕಾಲಿಕವಾಗಿ..." ಎಂದು ಶುರು ಮಾಡಿದ.

ಮೂರು ಪಟ್ಟಿಗಳನ್ನು ಹೊರಗೇ ಬಿಟ್ಟು ಕಂಪ್ಯೂಟರ್ ಆನ್ ಮಾಡಿದೆ. ಲೆಕ್ಕ ಅರವತ್ತನಾಲ್ಕಕ್ಕೆ ನಿಂತಿತು. ಎಕ್ಸ್‌ಪಿ ಬರಲು ಶುರುವಾಯಿತು. ಡಿಸ್ಕು ಗರಗರ ಎನ್ನುತ್ತಲೇ ಇತ್ತು. ಕಾಫಿ ಬಂತು. ಅಧ್ಯಕ್ಷರು ಕುಡಿದು ಲೋಟ ಕೆಳಗಿಟ್ಟರು. ಪರದೆ ಇನ್ನೂ ತೆರೆದಿರಲಿಲ್ಲ. ನನಗೇನೂ ಅವಸರವಿರಲಿಲ್ಲ.

"ಈ ಕಂಪ್ಯೂಟರ್ ಫೇಲ್ ಸಾರ್," ಎಂದೆ. "ಫೇಲ್ ಆದ ಆಫೀಸು ಮುಚ್ಚೋದು ಅಂತ ಮ್ಯಾನೇಜರ್ ಎಲ್ಲ ಕಡೆ ಫೋನ್ ಮಾಡಿದಾರೆ. ಹೆಡ್ ಆಫೀಸು ಯಾವಾಗ ಮುಚ್ತೀರಿ ಅಂತ ಹೇಳಿದ್ರೆ ರಿಪೋರ್ಟಲ್ಲಿ ಬರೀತೀನಿ."

ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ಹೊರಗಿನ ಗುಮಾಸ್ತರೆಲ್ಲ ಬಾಗಿಲಲ್ಲಿ ನಿಂತಿದ್ದರು.

ಅಧ್ಯಕ್ಷರು ಆ ಮೂರು ಪಟ್ಟಿಗಳನ್ನು ನನ್ನ ಕಡೆಗೆ ಸರಿಸಿದರು. ಆಮೇಲೆ, "ಯಾವ ಬ್ರಾಂಚೂ ಮುಚ್ಚದು ಬ್ಯಾಡ. ಅವರವರದ್ದು ಅವರವರಿಗೆ ಹಾಕ್ಬಿಡಿ. ಇದನ್ನ ದೊಡ್ಡದು ಮಾಡದು ಬ್ಯಾಡ, ಇಲ್ಲಿಗೇ ಬಿಡಣ," ಎಂದರು.

ಇಲ್ಲಿಗೇ ಬಿಡೋಣ! ಯಾರ ಕೆಲಸ ಹೋಗಬಹುದಿತ್ತೋ ಅವಳಿಗೆ ಒಂದು ಕ್ಷಮೆಯ ಮಾತಿಲ್ಲ. ಮಾಡಿದವನಿಗೆ ಒಂದು ಗದರಿಕೆಯಿಲ್ಲ. ಮೀನು ಈಜಲಿ ಎಂದು ಮೂರು ಊರಿನ ಮೆಮೊರಿ ಕಿತ್ತ ಮನುಷ್ಯ ಅದೇ ಕುರ್ಚಿಯಲ್ಲಿ ಮುಂದುವರಿದ. ನನ್ನನ್ನು ಆ ಸೊಸೈಟಿಗೆ ಇನ್ನು ಕಳಿಸಬೇಡಿ ಎಂದು ನಮ್ಮ ಮಾಲೀಕರಿಗೆ ಫೋನ್ ಬಂತು. ನನ್ನ ಸಿಟ್ಟು ಇಳಿಯದಿರುವುದು ಇದಕ್ಕೇ.

ಆದರೆ ಕಳಿಸಬೇಡಿ ಎನ್ನುವ ಮೊದಲು ಪಟ್ಟಿಗಳನ್ನು ಹಾಕಿ ಬರುವ ಕೆಲಸ ನನ್ನದೇ ಆಗಿತ್ತು. ಆ ದಿನ ಬಾಳೂರಿನ ಶಾಖೆಯ ಮುಂದೆ ಮೈಲುತುತ್ತಕ್ಕೆ ಜನ ನಿಂತಿದ್ದರು. ಚೀಲ ಹಿಡಿದ ಆ ಹಿರಿಯ ಬೆಳೆಗಾರರೂ ಅವರ ನಡುವೆ ಇದ್ದರು. ನನ್ನನ್ನು ಕಂಡು, "ದಾರಿ ಬಿಡ್ರಪ್ಪ, ಇಂಜಿನಿಯರ್ ಬಂದ್ರು," ಎಂದರು. ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಬರುತ್ತಿದ್ದಾರೇನೋ ಎಂದು.

ಆಪರೇಟರ್ ಬಾಗಿಲಿಗೆ ಬಂದಳು. ಕಾಫಿಯ ಮಾತೇ ಎತ್ತಲಿಲ್ಲ. ಸ್ಕ್ರೂಗಳನ್ನು ಬಿಚ್ಚಿ ಸಾಲಾಗಿ ಮೇಜಿನ ಮೇಲೆ ಇಟ್ಟು, ಕ್ಯಾಬಿನೆಟ್ಟನ್ನು ತಾನೇ ತೆರೆದಿಟ್ಟಿದ್ದಳು.

"ಮೊದ್ಲು ಇದನ್ನ ನೋಡಿ ಮೇಡಮ್," ಎಂದಳು. "ಕಡುಬು ಆಮೇಲೆ."